ಇನ್‌ಕ್ಲೂಡ್ ಫೈಲ್‌ಗಳನ್ನು ವೆಬ್ ರೂಟ್‌ನಿಂದ ಹೊರಗೆ ಹಾಕಿದ್ದು: ನನ್ನ ಅನುಭವ

ಇನ್‌ಕ್ಲೂಡ್ ಫೈಲ್ ಅಂದರೆ ಬೇರೆ ಪುಟಗಳು ತಮ್ಮೊಳಗೆ ಎಳೆದುಕೊಳ್ಳುವ ಕೋಡ್ ಫೈಲ್; ವೆಬ್ ರೂಟ್ ಅಂದರೆ ಬ್ರೌಸರಿನಿಂದ ನೇರವಾಗಿ ತೆರೆಯಬಹುದಾದ ಫೋಲ್ಡರ್. ಇಷ್ಟು ಹಳೆಯ ಪಿಎಚ್‌ಪಿ ಸೈಟ್‌ನಲ್ಲಿ ಈ ಫೈಲ್‌ಗಳ ಜಾಗ ಬದಲಿಸಿದರೆ ಪಾತ್ ಎಲ್ಲಾ ಮುರಿಯುತ್ತದೆ ಅಂತ ಜೊತೆಯವರು ಹೇಳುತ್ತಲೇ ಇದ್ದರು. ಮುರಿಯಲಿಲ್ಲ. ವರ್ಷದ ಮೇಲಾಯಿತು, ಚೆನ್ನಾಗಿ ಓಡುತ್ತಿದೆ.

ನನ್ನ ಕೈಗೆ ಬಂದಾಗ ನೂರರ ಹತ್ತಿರ ಇನ್‌ಕ್ಲೂಡ್ ಫೈಲ್‌ಗಳು ವೆಬ್ ರೂಟ್‌ನ ಒಳಗೇ ಇದ್ದವು. ಕೆಲವಕ್ಕೆ ಡಾಟ್ ಐಎನ್‌ಸಿ ಹೆಸರು. ಬ್ರೌಸರಿನಲ್ಲಿ ತೆರೆದರೆ ಡೇಟಾಬೇಸ್ ಪಾಸ್‌ವರ್ಡ್ ಹಾಗೇ ಕಾಣುತ್ತಿತ್ತು. ಡಾಟ್ ಪಿಎಚ್‌ಪಿ ಅಂತ ಹೆಸರು ಬದಲಿಸಿದೆವು. ಆಗ ಫೈಲ್ ಒಂಟಿಯಾಗಿ ಓಡಿ, ಎರರ್ ಜೊತೆ ಪೂರ್ತಿ ಪಾತ್ ಕಕ್ಕತೊಡಗಿತು.

ಆಮೇಲೆ ಪ್ರತಿ ಫೈಲ್‌ನ ಮೊದಲ ಸಾಲಿನಲ್ಲಿ ಕಾನ್‌ಸ್ಟಂಟ್ ಚೆಕ್: ಮುಖ್ಯ ಫೈಲ್ ಇಟ್ಟ ಗುರುತು ಕಾಣದಿದ್ದರೆ ಅಲ್ಲೇ ನಿಲ್ಲು ಅಂತ. ಕೆಲಸ ಮಾಡುತ್ತದೆ, ಆದರೆ ಹೊಸ ಫೈಲ್ ಬರೆದವರು ಆ ಸಾಲು ಬಿಟ್ಟರೆ ಮುಗಿಯಿತು. ಸರ್ವರ್ ಅಪ್‌ಗ್ರೇಡ್ ಆದಾಗ ಪಿಎಚ್‌ಪಿ ಹ್ಯಾಂಡ್ಲರ್ (ಪಿಎಚ್‌ಪಿ ಕೋಡ್ ಓಡಿಸುವ ಸೆಟ್ಟಿಂಗ್) ಬಿಟ್ಟುಹೋದರೆ ಆ ಚೆಕ್ಕೂ ಬರೀ ಅಕ್ಷರವೇ ಅಲ್ವಾ? ರೆಫರರ್ (ಯಾವ ಪುಟದಿಂದ ಬಂದದ್ದು ಅನ್ನುವ ಮಾಹಿತಿ) ಚೆಕ್ ಕೂಡ ಸುಮ್ನೆ ಹಾಕಿ ನೋಡಿದೆ. ಕರ್ಲ್ ಎಂಬ ಕಮಾಂಡ್ ಟೂಲ್‌ನಲ್ಲಿ ಬೇಕಾದ ರೆಫರರ್ ಕೊಡಬಹುದು, ಹಾಗಾಗಿ ಅದು ದಂಡ.

ಫೋಲ್ಡರ್‌ಗೆ ತಡೆ ಹಾಕುವ ಎಚ್‌ಟಿಆಕ್ಸೆಸ್ ಫೈಲ್ ಅಪಾಚೆ ವೆಬ್ ಸರ್ವರ್‌ನಲ್ಲಿ ಸರಿ, ಅದನ್ನು ಓದಲು ಬಿಡುವ ಅಲೋಓವರ್‌ರೈಡ್ ಸೆಟ್ಟಿಂಗ್ ತೆರೆದಿದ್ದರೆ ಮಾತ್ರ. ಬಾಡಿಗೆ ಅರ್ಧದಷ್ಟು ಉಳಿಯುತ್ತದೆ ಅಂತ ಎಂಜಿನ್‌ಎಕ್ಸ್ ಎಂಬ ಬೇರೆ ವೆಬ್ ಸರ್ವರ್ ಇರುವ ವಿಪಿಎಸ್‌ಗೆ (ಬಾಡಿಗೆಯ ವರ್ಚುವಲ್ ಯಂತ್ರ) ಹೋದೆವು. ಎಂಜಿನ್‌ಎಕ್ಸ್ ಎಚ್‌ಟಿಆಕ್ಸೆಸ್ ಫೈಲನ್ನು ಓದುವುದೇ ಇಲ್ಲ. ಹಾಗಾಗಿ ಅದರ ಸೆಟ್ಟಿಂಗ್‌ನಲ್ಲಿ, ಇನ್‌ಕ್ಲೂಡ್ ಫೋಲ್ಡರ್‌ನ ವಿಳಾಸಕ್ಕೆ ಅನ್ವಯಿಸುವ ಲೊಕೇಶನ್ ಬ್ಲಾಕ್‌ನಲ್ಲಿ, ಡಿನೈ ಆಲ್ (ಎಲ್ಲರನ್ನೂ ತಡೆ) ಬರೆದೆ. ಚಿತ್ರ, ಟೆಕ್ಸ್ಟ್ ಫೈಲ್ ನಿಂತವು, ಪಿಎಚ್‌ಪಿ ಫೈಲ್ ಮಾತ್ರ ಓಡುತ್ತಲೇ ಇತ್ತು! ಡಾಟ್ ಪಿಎಚ್‌ಪಿ ಹೆಸರುಗಳನ್ನೆಲ್ಲ ಹಿಡಿಯುವ ರಿಜೆಕ್ಸ್ (ಮಾದರಿ ಹೊಂದಿಸುವ) ಲೊಕೇಶನ್ ನನ್ನ ಬ್ಲಾಕನ್ನು ಮೀರಿಸುತ್ತಿತ್ತು. ನನ್ನ ಬ್ಲಾಕ್‌ನ ವಿಳಾಸದ ಮುಂದೆ ಕ್ಯಾರೆಟ್, ಟಿಲ್ಡೆ (^~) ಹಾಕಿದ ಮೇಲೆ ನಿಂತಿತು. ಇದಕ್ಕೇ ಒಂದು ಸಂಜೆ ಹೋಯಿತು.

ಅಲ್ಲಿಗೆ ನಿರ್ಧಾರ ಮಾಡಿದೆ. ವೆಬ್ ರೂಟ್‌ನಲ್ಲಿ ಇಂಡೆಕ್ಸ್ ಫೈಲ್, ಸಿಎಸ್‌ಎಸ್, ಚಿತ್ರ ಇಷ್ಟೇ. ಉಳಿದದ್ದೆಲ್ಲ ಅದರ ಪಕ್ಕದ ಫೋಲ್ಡರ್‌ಗೆ. ರಿಲೇಟಿವ್ ಪಾತ್ ಇದ್ದಲ್ಲೆಲ್ಲ ಡಿರ್ ಕಾನ್‌ಸ್ಟಂಟ್ (__DIR__, ಆ ಫೈಲ್ ಇರುವ ಫೋಲ್ಡರ್‌ನ ಪೂರ್ತಿ ಪಾತ್). ಪಿಎಚ್‌ಪಿ ಯಾವ ಫೋಲ್ಡರ್‌ಗಳನ್ನು ಮುಟ್ಟಬಹುದು ಅನ್ನುವ ಓಪನ್ ಬೇಸ್‌ಡಿರ್ ಸೆಟ್ಟಿಂಗ್ ಹಾಕಿದ್ದರೆ ಅದಕ್ಕೆ ಹೊಸ ಫೋಲ್ಡರ್ ಸೇರಿಸಲೇಬೇಕು, ಇಲ್ಲದಿದ್ದರೆ ಒಂದೂ ಇನ್‌ಕ್ಲೂಡ್ ಆಗುವುದಿಲ್ಲ. ನಿಜವಾದ ಕೆಲಸ ಬೇರೆ ಕಡೆ ಇತ್ತು. ಎಂಟು-ಹತ್ತು ಫೈಲ್‌ಗಳನ್ನು ಅಜಾಕ್ಸ್ (ಪುಟದ ಹಿಂದೆ ಬ್ರೌಸರ್ ಮಾಡುವ ಕರೆ) ನೇರವಾಗಿ ಕರೆಯುತ್ತಿತ್ತು, ವೆಬ್ ರೂಟ್‌ನಿಂದ ಹೊರಗೆ ಹೋದರೆ ಅವು ಅದಕ್ಕೆ ಸಿಗುವುದಿಲ್ಲ. ಆಕ್ಸೆಸ್ ಲಾಗ್‌ನಲ್ಲಿ (ಸರ್ವರಿಗೆ ಬಂದ ಕರೆಗಳ ದಾಖಲೆ) ಇನ್‌ಕ್ಲೂಡ್ ಫೋಲ್ಡರ್‌ಗೆ 200 (ಕರೆ ಯಶಸ್ವಿ) ಬಂದ ಸಾಲುಗಳನ್ನು ಹೆಕ್ಕಿ ಅವನ್ನು ಹಿಡಿದೆ. ಯಾವುದನ್ನು ಮೊದಲು ಸರಿಸಬೇಕು ಅಂತ ತೋರಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ನನ್ನಲ್ಲಿದೆ, ಅದು ನನ್ನಲ್ಲೇ ಇರಲಿ. ಸೈಟ್ ಒಂದು ನಿಮಿಷವೂ ನಿಲ್ಲಲಿಲ್ಲ.

ಮಾಲೀಕರು ಇದಕ್ಕಾಗಿ ವರ್ಷ ವರ್ಷ ದುಡ್ಡು ಕೊಡುವ ಫೈರ್‌ವಾಲ್ ತೆಗೆದುಕೊಳ್ಳುವುದರಲ್ಲಿದ್ದರು. ನನ್ನ ಒಟ್ಟು ಕೂಲಿ ಅದರ ಒಂದು ವರ್ಷದ ಬಿಲ್ಲಿಗಿಂತ ಕಡಿಮೆ ಆಯಿತು. ಈಗ ಹಳೆಯ ವಿಳಾಸಕ್ಕೆಲ್ಲ 404 (ಪುಟ ಇಲ್ಲ). ಅಪ್‌ಲೋಡ್ ಫೋಲ್ಡರ್ ಮಾತ್ರ ವೆಬ್ ರೂಟ್‌ನಲ್ಲೇ ಇದೆ. ಅಲ್ಲಿ ಪಿಎಚ್‌ಪಿ ಓಡದಂತೆ ಬೇರೆಯಾಗಿ ತಡೆದಿದ್ದೇನೆ.