ದಾರಿ ತಿರುಗಿಸಿದ ಹೃದಯಕ್ಕೆ ಪೇಸ್‌ಮೇಕರ್: ನನ್ನ ಅನುಭವ

ಮಹಾಪಧಮನಿಯೂ ಶ್ವಾಸಕೋಶದ ಅಪಧಮನಿಯೂ ಅದಲುಬದಲಾಗಿ ಹುಟ್ಟಿದ ಮಕ್ಕಳಿಗೆ, 1950ರ ದಶಕದ ಕೊನೆಯಲ್ಲಿ ಆರಂಭವಾದ ಸೆನ್ನಿಂಗ್ ಶಸ್ತ್ರಚಿಕಿತ್ಸೆಯನ್ನು ದೀರ್ಘಕಾಲ ಮಾಡುತ್ತಿದ್ದರು. ಇದರಲ್ಲಿ ಹೃತ್ಕರ್ಣದೊಳಗೆ ಬ್ಯಾಫಲ್ ಎಂಬ ಕಾಲುವೆಯನ್ನು ಕಟ್ಟಿ, ದೇಹದಿಂದ ಮರಳುವ ರಕ್ತವನ್ನು ಎಡ ಹೃತ್ಕುಕ್ಷಿಗೂ ಅಲ್ಲಿಂದ ಶ್ವಾಸಕೋಶಕ್ಕೂ ಹರಿಸಲಾಗುತ್ತದೆ. ಹೀಗೆ ಬದುಕುಳಿದು ದೊಡ್ಡವರಾದವರಲ್ಲಿ ಹೃದಯದ ಬಡಿತವನ್ನು ಆರಂಭಿಸುವ ಸೈನಸ್ ನೋಡ್ ಸೊರಗಿ ನಾಡಿ ನಿಧಾನವಾಗುವುದು ಸಾಮಾನ್ಯ. ನನ್ನಲ್ಲಿಗೆ ಬಂದ ಮಹಿಳೆಗೂ ಆದದ್ದು ಅದೇ; ನಾಡಿಯನ್ನು ಸರಿಯಾದ ವೇಗದಲ್ಲಿಡುವ ಪೇಸ್‌ಮೇಕರ್ ಸಾಧನವನ್ನು ಅವರಿಗೆ ಅಳವಡಿಸಬೇಕಿತ್ತು. "ಚಿಕ್ಕಂದಿನಲ್ಲೇ ಆಪರೇಷನ್ ಆಗಿದೆಯಲ್ಲ ಡಾಕ್ಟ್ರೇ, ಮತ್ತೇಕೆ?" ಎಂದು ಅವರ ತಾಯಿ ಕೇಳಿದ್ದು ಸಹಜವೇ ಆಗಿತ್ತು, ಬಾಲ್ಯದ ಶಸ್ತ್ರಚಿಕಿತ್ಸೆಯಿಂದ ಕಾಯಿಲೆ ಪೂರ್ತಿ ಮುಗಿಯಿತೆಂದೇ ಅನೇಕ ಮನೆಗಳಲ್ಲಿ ನಂಬಿರುತ್ತಾರೆ.

ಇಂಥವರಲ್ಲಿ ಅರ್ಧ ಕೆಲಸ ಸೂಜಿ ಹಿಡಿಯುವ ಮೊದಲೇ ಮುಗಿಯಬೇಕು ಎಂಬುದು ನನ್ನ ಅಭಿಪ್ರಾಯ. ಹಳೆಯ ಆಪರೇಷನ್ ಟಿಪ್ಪಣಿಯನ್ನು ಹುಡುಕಿಸಿ ಓದಿದೆ, ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಬ್ಯಾಫಲ್‌ನಲ್ಲಿ ಸೋರಿಕೆಯಿದ್ದರೆ ಲೀಡ್ (ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ) ಮೇಲೆ ಕಟ್ಟುವ ರಕ್ತದ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದಾದ್ದರಿಂದ, ತೋಳಿನ ರಕ್ತನಾಳಕ್ಕೆ ಗುಳ್ಳೆಬೆರೆತ ಸಲೈನ್ ಕೊಟ್ಟು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ನೋಡಿದೆವು; ಸೋರಿಕೆ ಇರಲಿಲ್ಲ. ಆದರೆ ದೇಹದ ಮೇಲ್ಭಾಗದ ರಕ್ತವನ್ನು ತರುವ ಮೇಲಿನ ಮಹಾಸಿರೆ ಬ್ಯಾಫಲ್ ಸೇರುವಲ್ಲಿ ಕಿರಿದಾಗಿತ್ತು. ಮೊದಲು ಲೀಡ್ ಹಾಕಿ ಆಮೇಲೆ ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ಅಗಲಿಸುವ ಜಾಲರಿ ಕೊಳವೆ) ಹಾಕಿದರೆ ಲೀಡ್ ಸ್ಟೆಂಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಮುಂದೆ ತೆಗೆಯುವುದು ಬಹಳ ಕಷ್ಟವಾಗುತ್ತದೆ. ಆದ್ದರಿಂದ ಸ್ಟೆಂಟ್ ಅನ್ನೇ ಮೊದಲು ಹಾಕಿ ದಾರಿಯನ್ನು ಅಗಲಿಸಿದೆವು.

ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ಸರಿಯಾಗಿ ಹೋಗುತ್ತಿದ್ದುದರಿಂದ ಒಂದೇ ಲೀಡ್ ಸಾಕೆಂದು ನಿರ್ಧರಿಸಿದೆ. ಎರಡು ಹಾಕುವುದು ಸುರಕ್ಷಿತವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇನ್ನೂ ದಶಕಗಳ ಕಾಲ ಬಾಳಬೇಕಾದವರ ಕಿರಿದಾದ ಬ್ಯಾಫಲ್‌ನಲ್ಲಿ ಪ್ರತಿಯೊಂದು ಹೆಚ್ಚುವರಿ ತಂತಿಯೂ ಜಾಗ ತಿನ್ನುತ್ತದೆ ಎಂಬುದು ನನ್ನ ಉತ್ತರವಾಗಿತ್ತು. ತುದಿಯಲ್ಲಿ ತಿರುಪು ಇರುವ ಲೀಡನ್ನು ಎಡ ಹೃತ್ಕರ್ಣದ ಮೂಲ ಗೋಡೆಗೆ ತಿರುಗಿಸಿ ಕೂರಿಸಿದೆ, ಏಕೆಂದರೆ ಹೊಲಿಗೆಯ ಗಾಯ ಒಣಗಿ ಗಡುಸಾದ ಭಾಗದಲ್ಲಿ ಸಂಕೇತ ಸಿಗುವುದಿಲ್ಲ. ಎಡಬದಿಯ ಗೋಡೆಯ ಪಕ್ಕದಲ್ಲೇ ವಪೆಯ (ಉಸಿರಾಟದ ಸ್ನಾಯು) ನರ ಹಾದುಹೋಗುತ್ತದೆ; ಪೇಸ್‌ಮೇಕರ್‌ನ ವಿದ್ಯುತ್ ಅದಕ್ಕೆ ತಗುಲಿದರೆ ಹೊಟ್ಟೆ ಅದುರುತ್ತದೆ. ಆದ್ದರಿಂದ 10 ವೋಲ್ಟ್‌ನಲ್ಲಿ ಪ್ರಚೋದಿಸಿ, ಹೊಟ್ಟೆ ಅದುರುತ್ತಿಲ್ಲವೆಂದು ಕೈಯಿಟ್ಟು ಖಚಿತಪಡಿಸಿಕೊಂಡ ಮೇಲಷ್ಟೇ ಲೀಡನ್ನು ಹೊಲಿದು ಭದ್ರಪಡಿಸಿದೆ.

ಇವರ ಎಕ್ಸ್‌ರೇಯಲ್ಲಿ ಲೀಡಿನ ತುದಿ ಮಾಮೂಲಿಗಿಂತ ಎಡಕ್ಕೂ ಹಿಂದಕ್ಕೂ ಕಾಣುತ್ತದೆ. ಹಿನ್ನೆಲೆ ತಿಳಿಯದವರಿಗೆ ಅದು ಜಾಗ ತಪ್ಪಿದೆ ಎನಿಸೀತು. ಹಾಗಾಗಿ ಡಿಸ್‌ಚಾರ್ಜ್ ಪತ್ರದ ಜೊತೆಗೆ ರಕ್ತದ ಹಾದಿಯ ಚಿತ್ರವೊಂದನ್ನು ಬರೆದು, ಎಕ್ಸ್‌ರೇಯ ಪ್ರತಿಯೊಂದಿಗೆ ಕೊಟ್ಟು, ಯಾವ ಆಸ್ಪತ್ರೆಗೆ ಹೋದರೂ ಮೊದಲು ಇವನ್ನೇ ತೋರಿಸಬೇಕೆಂದು ಹೇಳಿ ಕಳುಹಿಸಿದೆ.