ಸಮತೋಲನದ ಲೆಕ್ಕ: ಸೂತ್ರಕ್ಕೆ ಕೈ ಹಾಕುವ ಮೊದಲು ಮೂರು ಸಾಲು ಬರೆಯಿರಿ

ರಾಸಾಯನಿಕ ಸಮತೋಲನ ಅಂದ ಕೂಡಲೇ ಎರಡೂ ಕಡೆ ಒಂದೇ ಪ್ರಮಾಣ ಇರಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ತಲೆಯಲ್ಲಿ ತಕ್ಕಡಿಯ ಚಿತ್ರ ಕೂತಿರುತ್ತದೆ, ಅದಕ್ಕೆ. ಸಮ ಆಗುವುದು ವೇಗ, ಪ್ರಮಾಣ ಅಲ್ಲ. ಕ್ರಿಯೆ ಮುಂದಕ್ಕೆ ಎಷ್ಟು ಬೇಗ ನಡೆಯುತ್ತದೋ ಹಿಂದಕ್ಕೂ ಅಷ್ಟೇ ಬೇಗ ನಡೆಯುತ್ತಿರುತ್ತದೆ, ಹಾಗಾಗಿ ಹೊರಗಿನಿಂದ ನೋಡಿದರೆ ಎಲ್ಲಾ ನಿಂತಂತೆ ಕಾಣುತ್ತದೆ, ಆದರೆ ಒಳಗೆ ಅಣುಗಳು ಸುಮ್ನೆ ಕೂತಿರುವುದಿಲ್ಲ.

ಹೈಡ್ರೋಜನ್ ಮತ್ತು ಅಯೋಡಿನ್ ಅನಿಲಗಳನ್ನೇ ತೆಗೆದುಕೊಳ್ಳಿ. ಒಂದೊಂದು ಅಣು ಸೇರಿ ಹೈಡ್ರೋಜನ್ ಅಯೋಡೈಡ್‌ನ ಎರಡು ಅಣು ಆಗುತ್ತವೆ. ಸುಮಾರು 448 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಸಮತೋಲನ ಸ್ಥಿರಾಂಕ ಹೆಚ್ಚುಕಡಿಮೆ 50. ಸ್ಥಿರಾಂಕದ ಸೂತ್ರ ಇಷ್ಟೇ: ಸಮತೋಲನದಲ್ಲಿ ಹೈಡ್ರೋಜನ್ ಅಯೋಡೈಡ್ ಲೀಟರಿಗೆ ಎಷ್ಟು ಮೋಲ್ (ಮೋಲ್ ಅಂದ್ರೆ ಅಣುಗಳನ್ನು ಎಣಿಸುವ ಅಳತೆ) ಇದೆಯೋ ಅದರ ವರ್ಗವನ್ನು, ಹೈಡ್ರೋಜನ್ ಮತ್ತು ಅಯೋಡಿನ್‌ನ ಅಂಥದ್ದೇ ಅಂಕಿಗಳ ಗುಣಲಬ್ಧದಿಂದ ಭಾಗಿಸುವುದು. 1 ಲೀಟರ್ ಪಾತ್ರೆಗೆ ಎರಡನ್ನೂ 1 ಮೋಲ್ ಹಾಕಿದ್ದೇವೆ ಅಂತ ಇಟ್ಟುಕೊಳ್ಳಿ. ಕ್ರಿಯೆಯಲ್ಲಿ ಖರ್ಚಾಗುವ ಹೈಡ್ರೋಜನ್ ಎಷ್ಟು ಮೋಲ್ ಅನ್ನುವುದು ಎಕ್ಸ್. ಈಗ ಹೈಡ್ರೋಜನ್, ಅಯೋಡಿನ್, ಹೈಡ್ರೋಜನ್ ಅಯೋಡೈಡ್ ಇದೇ ಕ್ರಮದಲ್ಲಿ ಬರೆಯಿರಿ:

ಮೊದಲು: 1, 1, 0
ಬದಲಾವಣೆ: −ಎಕ್ಸ್, −ಎಕ್ಸ್, +2ಎಕ್ಸ್
ಕೊನೆಗೆ: 1−ಎಕ್ಸ್, 1−ಎಕ್ಸ್, 2ಎಕ್ಸ್

ಅಂಕ ಹೋಗುವುದು ಹೆಚ್ಚಾಗಿ ಎರಡನೇ ಸಾಲಿನಲ್ಲೇ. ಸಮೀಕರಣದಲ್ಲಿರುವ 2 ಇಲ್ಲಿ ಒಮ್ಮೆ ಬರುತ್ತದೆ, ಸ್ಥಿರಾಂಕದ ಸೂತ್ರದಲ್ಲಿ ಘಾತವಾಗಿ ಇನ್ನೊಮ್ಮೆ ಬರುತ್ತದೆ. ಎರಡೂ ಬೇಕು. ಅಂದ್ರೆ ಮೇಲೆ 2ಎಕ್ಸ್‌ನ ವರ್ಗ, ಅದು 4ಎಕ್ಸ್². ಕೆಳಗೆ 1−ಎಕ್ಸ್‌ನ ವರ್ಗ. ಎರಡು ಕಡೆಯೂ ವರ್ಗಮೂಲ ತೆಗೆದರೆ ಕೆಲಸ ಹಗುರ: 2ಎಕ್ಸ್ ÷ (1−ಎಕ್ಸ್) = 7.07. ಎಕ್ಸ್ ಸುಮಾರು 0.78. ಹೈಡ್ರೋಜನ್ ಮತ್ತು ಅಯೋಡಿನ್ 0.22 ಮೋಲ್ ಉಳಿಯುತ್ತವೆ, ಹೈಡ್ರೋಜನ್ ಅಯೋಡೈಡ್ 1.56 ಮೋಲ್ ಆಗುತ್ತದೆ. ಸಮ ಇಲ್ಲ, ನೋಡಿದ್ರಲ್ವಾ? ಈ ಅಂಕಿಗಳನ್ನು ಮತ್ತೆ ಸೂತ್ರಕ್ಕೆ ಹಾಕಿ ನೋಡಿ, 50ರ ಹತ್ತಿರ ಬರಲೇಬೇಕು. ಅರ್ಧ ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಮೂರೂ ಅನಿಲ ಮೊದಲೇ ಇದ್ದರೆ ಕ್ರಿಯೆ ಯಾವ ಕಡೆ ಹೋಗುತ್ತದೆ? ಆರಂಭದ ಅಂಕಿಗಳನ್ನೇ ಸೂತ್ರಕ್ಕೆ ಹಾಕಿ. ಮೂರೂ 1 ಮೋಲ್ ಇದ್ದರೆ ಉತ್ತರ 1, ಅದು 50ಕ್ಕಿಂತ ಕಡಿಮೆ, ಹಾಗಾಗಿ ಮುಂದಕ್ಕೆ. ಉಳಿದೆರಡು 1 ಮೋಲ್ ಆಗಿಯೇ ಇದ್ದು ಹೈಡ್ರೋಜನ್ ಅಯೋಡೈಡ್ ಮಾತ್ರ 10 ಮೋಲ್ ಇದ್ದರೆ ಉತ್ತರ 100, ಜಾಸ್ತಿ ಆಯಿತು, ಹಿಂದಕ್ಕೆ. ಆಗ ಎರಡನೇ ಸಾಲಿನ ಚಿಹ್ನೆಗಳು ತಿರುಗುತ್ತವೆ.

ಇನ್ನು ‘ಎಕ್ಸ್ ಚಿಕ್ಕದು, ಬಿಟ್ಟುಬಿಡಿ’ ಅನ್ನುವ ಸುಲಭದ ದಾರಿ, ಅಂದ್ರೆ 1−ಎಕ್ಸ್ ಇದ್ದಲ್ಲಿ ಬರೀ 1 ಅಂತ ಬರೆಯುವುದು. ಅದು ಎಲ್ಲ ಕಡೆ ನಡೆಯುವುದಿಲ್ಲ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಅಸಿಟಿಕ್ ಆಮ್ಲ ನೀರಿನಲ್ಲಿ ಅಯಾನುಗಳಾಗಿ ಒಡೆಯುವ ಕ್ರಿಯೆಯಲ್ಲಿ ಸ್ಥಿರಾಂಕ 1.8 × 10⁻⁵ ಮಾತ್ರ, ಒಡೆಯುವ ಭಾಗ ಎಕ್ಸ್ ಸುಮಾರು 0.0013, ಅಂದ್ರೆ ಆರಂಭದ 0.1ರಲ್ಲಿ 1.3 ಶೇಕಡಾ, ಧೈರ್ಯವಾಗಿ ಬಿಡಬಹುದು. ನಮ್ಮ ಅಯೋಡಿನ್ ಲೆಕ್ಕದಲ್ಲಿ ಅದು 78 ಶೇಕಡಾ. ಅಲ್ಲಿ ಬಿಟ್ಟರೆ ಉತ್ತರವೇ ಕೆಟ್ಟುಹೋಗುತ್ತದೆ.