ಮುಖಪುಟಕ್ಕೂ ಒಂದು ಸೆರಗು ಬೇಕು

ಇಳಕಲ್ ಸೀರೆಯನ್ನು ಬಸ್ ಸ್ಟ್ಯಾಂಡಿನ ಆ ತುದಿಯಿಂದ ನೋಡಿದರೂ ಗುರುತು ಸಿಗುತ್ತದೆ, ಅಲ್ವಾ? ಮೈ ಬಣ್ಣ ಹಸಿರಿರಲಿ, ನೀಲಿಯಿರಲಿ, ಆ ಕೆಂಪು ಸೆರಗಿನ ಬಿಳಿ ತೆನೆ ಕಂಡರೆ ಸಾಕು. ಇಲ್ಲಿ ಬಾಗಲಕೋಟೆಯಲ್ಲಿ ಎರಡನೇ, ಮೂರನೇ ಪುಸ್ತಕ ತರುತ್ತಿರುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ. ಮುಖಪುಟದ ಮೈ ಬದಲಾಗಲಿ, ಸೆರಗು ಬದಲಾಗಬಾರದು.

ಸೆರಗು ಅಂದರೆ ಮೊದಲಿಗೆ ನಿಮ್ಮ ಹೆಸರು. ಕೈಬರಹ ಚೆನ್ನಾಗಿರುವ ಕಲಾವಿದರಿಂದ ಒಮ್ಮೆ ಬರೆಸಿ ಇಟ್ಟುಕೊಳ್ಳಿ, ಪ್ರತಿ ಪುಸ್ತಕದಲ್ಲೂ ಅದೇ ಅಕ್ಷರ, ಅದೇ ಜಾಗ, ಅದೇ ಅಳತೆ. ಇದರ ಜೊತೆ ಇನ್ನೊಂದೇ ಒಂದು ಗುರುತು: ಒಂದು ಬಣ್ಣದ ಪಟ್ಟಿ, ಇಲ್ಲವೇ ಒಂದೇ ಬಗೆಯ ಚಿತ್ರ. ಜಾಸ್ತಿ ಬೇಡ. 1935ರಲ್ಲಿ ಪೆಂಗ್ವಿನ್‌ನವರು ಶುರು ಮಾಡಿದಾಗ ಇದ್ದದ್ದು ಅಡ್ಡಕ್ಕೆ ಮೂರು ಪಟ್ಟಿ, ಒಂದು ಹಕ್ಕಿ, ಅಷ್ಟೇ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು. ಅದು ಪ್ರಕಾಶಕರ ಗುರುತು, ನಿಜ, ಆದರೆ ಲೇಖಕರಿಗೂ ಅದೇ ದಾರಿ. ವಿಜಯಪುರದ ಕತೆ ಅಂದ ಕೂಡಲೇ ಗೋಳಗುಮ್ಮಟದ ಫೋಟೊ ಹಾಕಬೇಡಿ. ಅದು ಊರಿನ ಗುರುತು, ನಿಮ್ಮದಲ್ಲ.

ಕನ್ನಡ ಅಕ್ಷರಕ್ಕೆ ಜಾಗ ಬಿಡಿ. ಶೀರ್ಷಿಕೆಯಲ್ಲಿ 'ರಾಷ್ಟ್ರ' ಅಂತಲೋ 'ಸ್ತ್ರೀ' ಅಂತಲೋ ಬಂದರೆ ಒತ್ತು ಕೆಳಗಿಳಿದು, ಅಡಿಯಲ್ಲಿರುವ ನಿಮ್ಮ ಹೆಸರಿನ ತಲೆಕಟ್ಟಿಗೆ ತಾಗಿಬಿಡುತ್ತದೆ. ಪ್ರೆಸ್‌ಗೆ ಫೈಲ್ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿಸಿಯೇ, ಅಂದರೆ ಫಾಂಟ್ ಬೇಡದ ಹಾಗೆ ಗೆರೆಚಿತ್ರವಾಗಿ ಬದಲಿಸಿಯೇ ಕೊಡಿ, ಇಲ್ಲವಾದರೆ ಅವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದೆ ಒತ್ತಕ್ಷರ ಚೂರಾಗಬಹುದು.

ಬಣ್ಣದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ನನ್ನ ಎರಡನೇ ಪುಸ್ತಕದ ಪಟ್ಟಿ ಸ್ಕ್ರೀನ್ ಮೇಲೆ ದಾಳಿಂಬೆ ಕೆಂಪು, ಅಚ್ಚಾಗಿ ಬಂದದ್ದು ಇಟ್ಟಿಗೆ ಬಣ್ಣ. ಫೈಲ್ ಆರ್‌ಜಿಬಿಯಲ್ಲಿತ್ತು, ಅಂದರೆ ಸ್ಕ್ರೀನಿನ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕದಲ್ಲಿ; ಅಚ್ಚಿಗೆ ಬೇಕಾದದ್ದು ಸಿಎಂವೈಕೆ, ಅಂದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕ. ಕಟ್ಟು ಬಿಚ್ಚಿದಾಗ ಹೊಟ್ಟೆ ಉರಿದುಹೋಯಿತು. ಈಗ ನಿಮ್ಮ ಬಣ್ಣಕ್ಕೆ ಯಾವ ಶಾಯಿ ಎಷ್ಟು ಎನ್ನುವ ನಾಲ್ಕೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಪ್ರತಿ ಸಲ ಡಿಸೈನರ್‌ಗೆ ಅವನ್ನೇ ಕೊಡಿ.

ಪುಸ್ತಕದ ಬೆನ್ನನ್ನು ಮರೆಯಬೇಡಿ. ಲೈಬ್ರರಿ ಕಪಾಟಿನಲ್ಲಿ ಕಾಣುವುದು ಅದೊಂದೇ. 200 ಪುಟಕ್ಕೆ ಸಿಗುವುದು ಸುಮಾರು 1 ಸೆಂ.ಮೀ., ಅದರಲ್ಲೂ ಹೆಸರು ಎಲ್ಲ ಪುಸ್ತಕದಲ್ಲಿ ಒಂದೇ ಎತ್ತರದಲ್ಲಿರಲಿ. ಆಮೇಲೆ ಮುಖಪುಟವನ್ನು ಮೊಬೈಲ್‌ನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ, ಹೆಸರು ಓದಲು ಬರಬೇಕು.

ಪ್ರೆಸ್‌ನಿಂದ ಮುಖಪುಟದ ಪ್ರೂಫ್, ಅಂದರೆ ಮಾದರಿ ಪ್ರತಿ, ಬಂದ ದಿನ ಹಳೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಒಂದೇ ಮನೆಯವರ ಹಾಗೆ ಕಾಣದಿದ್ದರೆ ಅವತ್ತೇ ಪ್ರೆಸ್‌ಗೆ ಫೋನ್ ಮಾಡಿ, ಅಚ್ಚಿನ ಪ್ಲೇಟ್ ಮಾಡುವ ಮುಂಚೆ.